ಗಾಜಿನ ಮೇಲಿನ ವಿಭೂತಿ

ಚೀಲಕ್ಕೆ ಕೊಳವೆ ಚುಚ್ಚಿ, ಒಳಗಿನ ಕಾಳನ್ನು ಅಂಗೈಗೆ ಸುರಿದುಕೊಂಡು ನೋಡದೆ ಕರಿಬಸವರಾಜ ಒಂದು ಚೀಲ ಮೆಕ್ಕೆಜೋಳವನ್ನೂ ಕೊಂಡವನಲ್ಲ. ದಾವಣಗೆರೆಯ ದಲ್ಲಾಳಿ ಅಂಗಡಿಗಳಲ್ಲಿ ಅವನ ಅನುಮಾನಕ್ಕೇ ಒಂದು ಹೆಸರಿತ್ತು. ಅಂಥವನು ಕಾರನ್ನು ಮಾತ್ರ ಮುಟ್ಟದೆ, ಸರಿಯಾಗಿ ನೋಡದೆ ಹರಾಜಿನಲ್ಲಿ ಹಿಡಿದ. ಜಾಣನಿಗೆ ದಡ್ಡತನ ಬಂದರೆ ಅದಕ್ಕೆ ಮದ್ದಿಲ್ಲ.

ಕಾರಣ ಮಗಳು. ಹರಿಹರಕ್ಕೆ ಕೊಟ್ಟಿದ್ದ ಮಹಾದೇವಿಗೆ ಏಳು ತಿಂಗಳು. ಹೋದ ಸಲ ಬಸುರು ನಿಂತಿರಲಿಲ್ಲ. ಈ ಸಲ ಕುಲುಕಾಟವೇ ಕೂಡದೆಂದು ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದ್ದರು. ಅವಳನ್ನು ಹೆರಿಗೆಗೆ ತವರಿಗೆ ಕರೆತರಬೇಕಿತ್ತು. "ಸ್ವಂತ ಕಾರ್ ತಗೊಂಡೇ ಬರ್ತೀನ್ರಿ, ಹೂವಿನಂಗೆ ಕರ್ಕೊಂಡು ಹೋಗ್ತೀನಿ" ಎಂದು ಅವನು ಬೀಗರಾದ ಮುರುಗೇಶಪ್ಪನವರಿಗೆ ಫೋನಿನಲ್ಲಿ ಹೇಳಿಬಿಟ್ಟಿದ್ದ. ಬಾಡಿಗೆ ಕಾರು ಎಂದಿದ್ದರೆ ಗಂಟೇನೂ ಹೋಗುತ್ತಿರಲಿಲ್ಲ. ಬೀಗರ ಮುಂದೆ ಆ ಮಾತು ನಾಲಿಗೆಗೆ ಬರಲಿಲ್ಲ.

ತೊಂಬತ್ತೊಂಬತ್ತರ ಆ ವರ್ಷ ಅವನ ತಂಗಿಯ ಮಗ ಪ್ರಶಾಂತ ಕೆ.ಬಿ. ಬಡಾವಣೆಯಲ್ಲಿ ಇಂಟರ್‌ನೆಟ್ ಅಂಗಡಿ ತೆರೆದಿದ್ದ. ಬೆಂಗಳೂರಿನ ಯಾವುದೋ ಕಂಪನಿ ಹಳೇ ಕಾರುಗಳನ್ನು ಕಂಪ್ಯೂಟರಿನಲ್ಲೇ ಹರಾಜು ಹಾಕುತ್ತದೆಂದು ಮಾವನನ್ನು ಕರೆಸಿ ಕೂರಿಸಿದ. ಫೋಟೋ ಮೇಲಿನಿಂದ ಗೆರೆಗೆರೆಯಾಗಿ ಇಳಿಯತೊಡಗಿತು. ಮೊದಲು ಕಾರಿನ ನೆತ್ತಿ, ಆಮೇಲೆ ಮುಂದಿನ ಗಾಜು. ಗಾಜಿನ ಮೇಲೆ ಅಡ್ಡಕ್ಕೆ ಮೂರು ಬಿಳಿ ಪಟ್ಟೆ. ಅಷ್ಟರಲ್ಲಿ ಲೈನು ಕಟ್ಟಾಯಿತು.

"ತಡಿ ಮಾವ, ಇನ್ನೊಂದ್ಸಲ ಹಚ್ತೀನಿ. ಕೆಳಗಿನ ಅರ್ಧ ನೋಡೋಣ."

"ಬ್ಯಾಡ ಬಿಡೋ. ವಿಭೂತಿ ಕಾಣ್ತಲ್ಲ, ನಮ್ಮೋರ ಗಾಡಿ. ವಿಭೂತಿ ಹಚ್ಚೋರು ಮೋಸ ಮಾಡಲ್ಲ."

"ಇದ್ದದ್ದು ಇದ್ದಂಗೆ ತಗೋಬೇಕು, ವಾಪಸ್ ಇಲ್ಲ ಅಂತ ಬರ್ದಾರೆ ಮಾವ."

"ಶಿವನ ಗುರುತು ಇದ್ದ ಮ್ಯಾಲೆ ವಾಪಸ್ ಯಾಕ ಮಾಡ್ಲಿ?"

ನೀರೊಳಗಿನ ಎಮ್ಮೆಗೆ ಬೆಲೆ ಕಟ್ಟುವುದೆಂದರೆ ಇದೇ. ಎಮ್ಮೆಯದಾದರೂ ಕೊಂಬು ಕಾಣುತ್ತದೆ. ಲೈನು ಮತ್ತೆ ಸಿಕ್ಕಿ ಹರಾಜು ಶುರುವಾಯಿತು. ಅತ್ತ ಮುಖ ಕಾಣದ ಯಾರೋ ಬೆಲೆ ಏರಿಸಿದ, ಇತ್ತ ಇವನಿಗೆ ಹಟ ಏರಿತು. ಕಾರು ಇವನದಾಯಿತು.

ಪ್ರಶಾಂತನೇ ಹೋಗಿ ಓಡಿಸಿಕೊಂಡು ಬಂದ. ನೀಲಿ ಬಣ್ಣ ಥಳಥಳ ಹೊಳೆಯುತ್ತಿತ್ತು. "ಸ್ವಲ್ಪ ಎಡಕ್ಕೆ ಎಳೀತೈತೆ ಮಾವ" ಎಂದ. "ಹೊಸ ಎತ್ತೂ ಎಳೀತೈತೆ, ಪಳಗ್ತೈತೆ ಬಿಡು" ಎಂದು ಕರಿಬಸವರಾಜ ನಿಜಲಿಂಗಪ್ಪ ಬಡಾವಣೆಯ ತನ್ನ ಓಣಿಗೆಲ್ಲ ಪೇಡೆ ಹಂಚಿದ.

ಸೋಮವಾರ ಹರಿಹರಕ್ಕೆ ಹೊರಡಬೇಕು. ಬೆಳಿಗ್ಗೆ ಹೆಂಡತಿ ಉಮಾಮಹೇಶ್ವರಿ ಕಾರಿನ ಪೂಜೆಗೆಂದು ಒದ್ದೆ ಬಟ್ಟೆ ಹಿಡಿದು ಬಂದಳು. ಬೇರೆಯವರು ಹಚ್ಚಿದ ವಿಭೂತಿಯ ಮೇಲೆ ತಮ್ಮದನ್ನು ಹಚ್ಚುವ ಪದ್ಧತಿ ಅವಳ ತವರಿನಲ್ಲಿರಲಿಲ್ಲ, ಮೊದಲಿನದನ್ನು ತೊಳೆದೇ ಹಚ್ಚಬೇಕು. ಒರೆಸಿದಳು, ಹೋಗಲಿಲ್ಲ. ತಿಕ್ಕಿದಳು, ಆಗಲೂ ಹೋಗಲಿಲ್ಲ. ಉಗುರಿನಿಂದ ಕೆರೆದಾಗ ಬಿಳಿಯ ಹಕ್ಕಳೆಯೊಂದು ಎದ್ದು ಬಂತು. ಅದರ ಕೆಳಗೆ ಗಾಜು ಬಿರುಕು ಬಿಟ್ಟಿತ್ತು.

"ರೀ, ಇದು ವಿಭೂತಿ ಅಲ್ರಿ. ಬಣ್ಣ."

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ದಿನಕ್ಕೆ ಹತ್ತು ಮಂದಿಗೆ ಹೇಳುತ್ತಿದ್ದವನು ಕಾರನ್ನು ಗ್ಯಾರೇಜಿಗೆ ಸಾಗಿಸಿದ. ಗ್ಯಾರೇಜಿನವನು ಕಾರನ್ನು ಎತ್ತಿ ನಿಲ್ಲಿಸಿ, ಕೆಳಗಿನ ಬೆಸುಗೆ ತೋರಿಸಿದ. "ಪಲ್ಟಿ ಹೊಡೆದ ಗಾಡಿ ಸಾವ್ಕಾರ್ರೆ, ಮುರಿದದ್ದು ಜೋಡಿಸ್ಯಾರೆ. ಬಸುರಿ ಹೆಂಗ್ಸನ್ನ ಇದ್ರಾಗೆ ಕೂಡ್ರಿಸಬ್ಯಾಡ್ರಿ."

ಕರಿಬಸವರಾಜನಿಗೆ ಒಂದು ಗಳಿಗೆ ಕೆಟ್ಟ ಯೋಚನೆ ಬಂತು. ಹರಿಹರವೇನು ದೂರವೇ? ಮೆಲ್ಲಗೆ ಹೋಗಿ ಮೆಲ್ಲಗೆ ಬಂದರೆ ಯಾರಿಗೆ ತಿಳಿಯುತ್ತದೆ? ಮನೆಗೆ ಬಂದ ಗಂಡನ ಮುಖ ನೋಡಿಯೇ ಉಮಾಮಹೇಶ್ವರಿಗೆ ಗೊತ್ತಾಯಿತು.

"ನಿಮ್ಮ ಮಾನಕ್ಕೆ ನನ್ನ ಮಗಳನ್ನ ಪಣಕ್ಕಿಡಬ್ಯಾಡ್ರಿ. ರೈಲಿಗೆ ಹೋಗ್ರಿ, ಅದು ಕುಲುಕಲ್ಲ."

ಅವನಿಗೆ ನಾಚಿಕೆಯಾಯಿತು. ರೈಲಿಗೇ ಹೋದ.

ಬಾಗಿಲಲ್ಲೇ ನಿಂತಿದ್ದ ಮುರುಗೇಶಪ್ಪನವರು ಅವನ ಬೆನ್ನ ಹಿಂದೆ ಕಣ್ಣು ಹಾಯಿಸಿದರು. "ಬರ್ರಿ ಬರ್ರಿ. ಕಾರ್ ಎಲ್ರಿ ಬೀಗರೇ?"

ಕರಿಬಸವರಾಜ ಒಂದನ್ನೂ ಬಚ್ಚಿಡದೆ ಹೇಳಿದ. ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಬ್ಯಾಸರ ಮಾಡ್ಕೋಬ್ಯಾಡ್ರಿ. ನಮ್ಮನಿಗೆ ಹೆಣ್ಣು ಕೊಡುವಾಗ್ಲೂ ನೀವು ಹಿಂಗೇ ಅಲ್ಲೇನ್ರಿ? ನನ್ನ ಹಣೆ ಮ್ಯಾಲಿನ ವಿಭೂತಿ ನೋಡಿ, ಇನ್ನೇನೂ ವಿಚಾರಿಸಬೇಕಿಲ್ಲ ಅಂದ್ರಿ!"

ಮನೆಮಂದಿಯೆಲ್ಲ ನಕ್ಕರು. ಮಹಾದೇವಿ ನಗಲಿಲ್ಲ. ಅದನ್ನು ಕಂಡ ಕರಿಬಸವರಾಜ, ಊಟಕ್ಕೆ ಕೂತಾಗ ಬಡಿಸಿದ ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ರೈಲು ಹರಿಹರ ಬಿಟ್ಟಿತು. ಮಗಳು ಕಿಟಕಿಯ ಪಕ್ಕ ಕುಳಿತಿದ್ದಳು, ಎರಡೂ ಕೈ ತುಂಬ ಹಸಿರು ಬಳೆ. ಅವನು ಅವಳ ಕಡೆ ಸರಿದು ಕೂತ.

"ಮಾದೇವಿ, ಆ ಮನ್ಯಾಗೆ ನೀನು ಚೆನ್ನಾಗದೀಯೇನವ್ವಾ?"

ಅವಳು ತಿರುಗಿ ನೋಡಿದಳು. ಕಣ್ಣು ತುಂಬಿತ್ತು.

"ಮದುವೆ ಆಗಿ ಇಷ್ಟು ದಿನಕ್ಕೆ ಕೇಳಿದ್ರಲ್ಲ ಅಪ್ಪಾಜಿ. ಚೆನ್ನಾಗದೀನಿ. ಒಳ್ಳೇ ಜನ. ನೀವು ಬರೇ ಹೊರಗಿಂದು ನೋಡಿ ಕೊಟ್ರಿ. ನನ್ನ ಪುಣ್ಯ, ಒಳಗೂ ನೆಟ್ಟಗಿತ್ತು."

ಹೊರಗೆ ಮೆಕ್ಕೆಜೋಳದ ಹೊಲಗಳು ಹಿಂದೆ ಸರಿಯುತ್ತಿದ್ದವು. ಕರಿಬಸವರಾಜನಿಗೆ ಒಂದು ಚೀಲ ಜೋಳಕ್ಕೂ ಚುಚ್ಚುತ್ತಿದ್ದ ಕೊಳವೆಯ ನೆನಪಾಯಿತು. ದಾವಣಗೆರೆಯಲ್ಲಿ ಇಳಿಯುವವರೆಗೂ ಅವನು ಮಗಳ ಕೈ ಹಿಡಿದುಕೊಂಡೇ ಇದ್ದ, ಅವಳ ಮುಖ ನೋಡಲು ಮಾತ್ರ ಆಗಲಿಲ್ಲ.