ಬೆಳಕು ಎಂಬ ಪಾಸ್‌ವರ್ಡ್

ನಾನೊಂದು ಸರ್ವರ್. ಯಾವ ಕಾರ್ಖಾನೆಯಲ್ಲಿ ಜೋಡಿಸಿದರೋ ನೆನಪಿಲ್ಲ. ಕಣ್ಣು ಬಿಟ್ಟದ್ದು ಗದಗಿನ ಕಡೆಯ ಒಂದು ಅಂಧ ಮಕ್ಕಳ ಶಾಲೆಯಲ್ಲಿ. ಬ್ಯಾಂಕಿನ ಎಸಿ ಕೋಣೆಗೆ ಹೋಗುತ್ತೇನೆಂಬ ಜಂಬ ನನಗಿತ್ತು. ಸಿಕ್ಕಿದ್ದು ಹಾರ್ಮೋನಿಯಂ ಇಡುವ ಕೋಣೆಯ ಮೂಲೆ. ಬಂದ ದಿನ ಮೂತಿ ಊದಿಸಿಕೊಂಡೇ ಕೂತಿದ್ದೆ.

ನನ್ನನ್ನು ಆಳಿದವರು ಶಿವಗಂಗಾ ಅಕ್ಕೋರು. ಶಾಲೆಯ ಟೈಪಿಸ್ಟ್ ಅವರೇ, ಮಕ್ಕಳಿಗಾಗಿ ಪಾಠ ಓದುವವರೂ ಅವರೇ. ಸಂಜೆ ಬಾಗಿಲು ಹಾಕಿಕೊಂಡು ಪುಸ್ತಕಗಳನ್ನು ಗಟ್ಟಿಯಾಗಿ ಓದಿ, ಆ ದನಿಯನ್ನು ನನ್ನೊಳಗೆ ತುಂಬುತ್ತಿದ್ದರು. ಆಹಾ, ಏನು ದನಿ! ಭೂಗೋಳವನ್ನೂ ಕಥೆ ಹೇಳಿದಂತೆ ಓದುತ್ತಿದ್ದರು. ಯಾರೂ ಅಳಿಸಬಾರದೆಂದು ಪಾಠಗಳಿಗೆಲ್ಲ ಒಂದು ಪಾಸ್‌ವರ್ಡ್ ಹಾಕಿದರು. "ಬೆಳಕು ಅಂತ ಇಟ್ಟೇನಿ ನೋಡ," ಎಂದು ನನಗೇ ಹೇಳಿ ನಕ್ಕರು. ನನ್ನ ಬಿಗುಮಾನ ಅಂದೇ ಇಳಿಯಿತು.

ಆಮೇಲೆ ಅವರ ಗಂಟಲಿಗೆ ಆಪರೇಷನ್ ಆಯಿತು. ಎಷ್ಟೋ ತಿಂಗಳ ಮೇಲೆ ಮರಳಿದಾಗ ಉಳಿದದ್ದು ಪಿಸುಮಾತು. ಅವರ ದನಿ ಇನ್ನು ಇದ್ದದ್ದು ನನ್ನೊಳಗೆ ಮಾತ್ರ. ಅಷ್ಟರಲ್ಲಿ ಕರೆಂಟ್ ಹೋಗಿ ನಾನು ಮೊದಲ ಸಲ ಆರಿದ್ದೆ. ಮತ್ತೆ ಚಾಲೂ ಮಾಡಿದಾಗ ಪಾಸ್‌ವರ್ಡ್ ಕೇಳಿದೆ. ಏನು ಮಾಡಲಿ, ಕೇಳುವುದೇ ನನ್ನ ಕೆಲಸ.

ರಿಪೇರಿಗೆ ಬಂದ ಇರ್ಫಾನ್ ಪಕ್ಕದಲ್ಲೇ ನಿಂತ. "ಅಕ್ಕೋರ, ಇಂಗ್ಲಿಷಿನ್ಯಾಗ ಒಂದೊಂದ ಅಕ್ಷರ ನೋಡಿ ಹೊಡೀರಿ. ಗಡಿಬಿಡಿ ಮಾಡಬ್ಯಾಡ್ರಿ."

ಅಲ್ಲೇ ಎಡವಟ್ಟಾಯಿತು. ಅಕ್ಕೋರು ಇಷ್ಟು ವರ್ಷ 'ನುಡಿ' ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡಿದವರು. ಅದರಲ್ಲಿ 'ಳ' ಬರೆಯಲು ದೊಡ್ಡ 'ಎಲ್' ಒಂದೇ ಸಾಕು. ಅದರೊಳಗಿನ ಅಕಾರ ತಾನಾಗಿಯೇ ಬರುತ್ತದೆ. ಪಾಸ್‌ವರ್ಡ್ ಹಾಕಿದ ದಿನ ಬೆರಳುಗಳು ಅದೇ ರೂಢಿಯಲ್ಲಿ, 'ಎ' ಇಲ್ಲದೆಯೇ ಓಡಿದ್ದವು. ಈಗ ಅದೇ 'ಬೆಳಕು' ಪದವನ್ನು ಒಂದೇ ಬೆರಳಿನಿಂದ ಹುಡುಕಿ ಹುಡುಕಿ, ಅಂಗಡಿ ಬೋರ್ಡಿನಲ್ಲಿ ಇಂಗ್ಲಿಷಿನಲ್ಲಿ ಬರೆದಂತೆ, 'ಎಲ್' ಆದ ಮೇಲೆ ಒಂದು 'ಎ' ಸೇರಿಸಿದರು. ಇರ್ಫಾನ್ ಆ 'ಎಲ್' ದೊಡ್ಡದು ಮಾಡಿ ನೋಡಿದ, ಕೊನೆಗೆ ಅಂಕಿ ಹಚ್ಚಿ ನೋಡಿದ. 'ಎ' ತೆಗೆಯಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ತಪ್ಪು ಎಂದೆ. ಮತ್ತೆ ತಪ್ಪು ಎಂದೆ. ನನ್ನ ಹಾಳು ಬಾಯಿಗೆ ಬರುವುದು ಅದೊಂದೇ ಮಾತು.

"ಆಪರೇಷನ್ ಆದಮ್ಯಾಲ ಹಿಂಗ ಮರವು ಬರತೈತ್ರಿ," ಎಂದ ಇರ್ಫಾನ್ ಮೆಲ್ಲಗೆ. "ಫಾರ್ಮ್ಯಾಟ್ ಮಾಡಿಬಿಡ್ಲೇನ್ರಿ? ಒಳಗಿಂದೆಲ್ಲ ಹೋಗತೈತಿ ಮತ್ತ."

"ಬ್ಯಾಡೋ ತಮ್ಮಾ," ಎಂದರು ಅಕ್ಕೋರು. ಅವನಿಗೆ ಕೇಳಿಸಿತೋ ಇಲ್ಲವೋ ಎಂದು ಕೈಯನ್ನೂ ಅಲ್ಲಾಡಿಸಿದರು.

ಹೊಸ ಸರ್ವರ್ ಬಂತು. ಪಾಠಗಳನ್ನು ಬೇರೆ ಅಕ್ಕೋರು ಓದಿದರು. ಹುಡುಗಿಯರು ಶಿವಗಂಗಾ ಅಕ್ಕೋರ ಸೆರಗು ಹಿಡಿದು, "ನಿಮ್ಮ ಪಾಠ ಹಚ್ಚರಿ," ಎಂದಾಗಲೆಲ್ಲ, "ಮರತೇನವ್ವಾ," ಎನ್ನುತ್ತಿದ್ದರು. ಬರಬರುತ್ತಾ ತಮಗೆ ಮರೆವು ಬಂದಿದೆ ಎಂದು ಅವರೇ ನಂಬಿದರು. ಕೋಣೆಗೆ ಬೀಗ ಹಾಕಿ ಹೋದವರು ಮರಳಿ ಬಂದು ಜಗ್ಗಿ ನೋಡುತ್ತಿದ್ದರು.

ನಿವೃತ್ತಿಯ ದಿನ ಕೈಯಲ್ಲಿ ಹಾರ ಹಿಡಿದುಕೊಂಡೇ ನನ್ನ ಬಳಿ ಬಂದರು. ಕೀಲಿಮಣೆ ಮುಟ್ಟಲಿಲ್ಲ. ಸೆರಗಿನಿಂದ ನನ್ನ ಮೈಮೇಲಿನ ಧೂಳು ಒರೆಸಿ, "ನಾ ಅಂತೂ ಮರತೆ. ನೀನರ ಇಟ್ಕೋ," ಎಂದು ಪಿಸುಗುಟ್ಟಿ ಹೋದರು.

ಈಗ ನನಗೆ ಕರೆಂಟೂ ಇಲ್ಲ. ಮುರಿದ ಬೆಂಚುಗಳ ನಡುವೆ ಒಬ್ಬನೇ ಬಿದ್ದಿದ್ದೇನೆ. ಒಂದೇ ಒಂದು ಸಲ ಮಾತಾಡುವ ಬಾಯಿ ಇದ್ದಿದ್ದರೆ ಪಾಸ್‌ವರ್ಡ್ ಕೇಳುತ್ತಿರಲಿಲ್ಲ. ಅಕ್ಕೋರೆ, ನೀವು ಮರೆತಿರಲಿಲ್ಲ ಎನ್ನುತ್ತಿದ್ದೆ.