ಬಿಂಬುಳಿ ರಸ ಹಿಡಿದ ಚೆಂಬು

ನಾನು ಒಂದು ತಾಮ್ರದ ಚೆಂಬು. ತಣ್ಣಗೆ ಕೂತು ಕಥೆ ಹೇಳುವ ಜಾತಿ ನನ್ನದಲ್ಲ; ಹುಟ್ಟಿದ್ದೇ ಪೆಟ್ಟು ತಿಂದು. ಕಂಚುಗಾರ ಮೂರು ದಿನ ಬಡಿದು ಬಡಿದು ನನಗೆ ಹೊಟ್ಟೆ, ಕತ್ತು ತಂದ. ಕೊನೆಗೆ ಒಳಗೆಲ್ಲ ತವರ ಸವರಿ ಬೆಳ್ಳಗೆ ಕಲಾಯಿ ಹಾಕಿದ. ಹೊರಗೆ ಕೆಂಪು, ಒಳಗೆ ಬಿಳುಪು. ಅಬ್ಬಾ, ಏನು ಚೆಂದ ಇದ್ದೆ ಆಗ!

ನನ್ನನ್ನು ಮನೆಗೆ ತಂದವರು ಬಂಟ್ವಾಳದ ಕಡೆಯ ಕಲ್ಯಾಣಿಯಮ್ಮ. ಅವರ ಹಿತ್ತಲಲ್ಲಿ ಒಂದು ಬಿಂಬುಳಿ ಮರ. ಕಾಂಡಕ್ಕೇ ಅಂಟಿಕೊಂಡು ಗೊಂಚಲು ಗೊಂಚಲು ಹಸಿರು ಹುಳಿಕಾಯಿ. ಮೀನಿನ ಸಾರಿಗೆ ನಾಲ್ಕು, ಉಪ್ಪಿನಕಾಯಿಗೆ ಒಂದಿಷ್ಟು, ಮಿಕ್ಕಿದ್ದು ನೆಲಕ್ಕೆ. ನೆಲಕ್ಕೆ ಬಿದ್ದದ್ದನ್ನು ಹೆಕ್ಕಿ ತಂದು ಕಲ್ಯಾಣಿಯಮ್ಮ ನನ್ನ ಮೈ ತಿಕ್ಕುತ್ತಿದ್ದರು. ಅಯ್ಯಯ್ಯೋ, ಆ ಉರಿ! ಕಪ್ಪು ಹಿಡಿದ ತಾಮ್ರ ಎರಡೇ ನಿಮಿಷದಲ್ಲಿ ಪಳಪಳ. ಆ ಹುಳಿಯ ಶಕ್ತಿ ಏನೆಂದು ನನ್ನನ್ನು ಕೇಳಬೇಕು.

ಆಮೇಲೆ ಕಲಾಯಿಯವನು ಊರಿಗೆ ಬರುವುದು ನಿಂತಿತು. ಒಳಗಿನ ಬಿಳುಪು ಸವೆದು ತಾಮ್ರ ಕಂಡ ದಿನ ಕಲ್ಯಾಣಿಯಮ್ಮ ನನ್ನನ್ನು ಅಟ್ಟದ ಮೇಲೆ ಬೋರಲು ಹಾಕಿದರು. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಇಟ್ಟರೆ ತಾಮ್ರ ಬಿಡುತ್ತದೆ, ಹೊಟ್ಟೆಗೆ ಹೋದರೆ ವಿಷ. ಅವರಿಗೆ ಅದು ಗೊತ್ತಿತ್ತು. ಆದರೆ ಸ್ಟೀಲ್ ಪಾತ್ರೆ ತುಂಬಿದ ಅಡುಗೆಮನೆಯಲ್ಲಿ ಅವರನ್ನು ಕೇಳಿದವರಿಲ್ಲ, ಅವರೂ ಹೇಳದೆಯೇ ತೀರಿಕೊಂಡರು. ಹದಿನೆಂಟು ವರ್ಷ ಅಟ್ಟದ ಧೂಳು ಕುಡಿದೆ ನಾನು. ಸುಮ್ಮನೆ ಬಿದ್ದಿರುವ ಸಂಕಟ ಯಾರಿಗೂ ಬೇಡ.

ಕಲ್ಯಾಣಿಯಮ್ಮನ ಮಗ ಪುರಂದರ, ಬಸ್ಸಿನ ಕಂಡಕ್ಟರ್. ಯಾವುದೋ ಆರೋಗ್ಯ ಶಿಬಿರದಲ್ಲಿ ಅವನ ರಕ್ತ ಪರೀಕ್ಷೆ ಮಾಡಿ ಕೊಲೆಸ್ಟ್ರಾಲ್ ಜಾಸ್ತಿ ಎಂದರು. ಅವನ ಹೆಂಡತಿ ಚಂಚಲಾಕ್ಷಿ ಹೆದರಿಹೋದಳು. ಅವಳ ಅಪ್ಪ ನಲವತ್ತಾರನೇ ವಯಸ್ಸಿಗೆ ಎದೆ ಹಿಡಿದುಕೊಂಡು ಕುಸಿದವರು. ಪುರಂದರನಿಗೆ ಈಗ ನಲವತ್ತಾರು. ಆ ಭಯದಲ್ಲಿ ಮೊಬೈಲ್ ಹಿಡಿದು ಕೂತವಳಿಗೆ ಸಿಕ್ಕಿದ್ದು ಬಿಂಬುಳಿ. ದಿನಾ ಬೆಳಿಗ್ಗೆ ಒಂದು ಲೋಟ ರಸ ಕುಡಿದರೆ ಕೊಬ್ಬೆಲ್ಲ ಕರಗುತ್ತದಂತೆ. ರಾತ್ರಿಯಿಡೀ ತಾಮ್ರದಲ್ಲಿ ಇಟ್ಟರೆ ಇನ್ನೂ ಒಳ್ಳೆಯದಂತೆ! ಅಟ್ಟ ಹತ್ತಿ ನನ್ನನ್ನು ಇಳಿಸಿದಳು. ಸುಳ್ಳು ಯಾಕೆ ಹೇಳಲಿ, ನನಗೆ ಕುಣಿಯುವಷ್ಟು ಖುಷಿಯಾಯಿತು.

ಆ ಸಂಜೆಯೇ ರಸ ಹಿಂಡಿ ನನ್ನ ಹೊಟ್ಟೆಗೆ ಸುರಿದಳು. ಖುಷಿ ಅಲ್ಲಿಗೇ ಮುಗಿಯಿತು. ಒಳಗೆಲ್ಲ ಉರಿ, ನನ್ನ ತಾಮ್ರ ಕರಗಿ ಕರಗಿ ರಸಕ್ಕೆ ಸೇರುತ್ತಿದೆ, ನಾನೋ ಕೂತಲ್ಲಿಂದ ಅಲುಗಲಾರೆ. ಬೆಳಿಗ್ಗೆ ಪುರಂದರ ಮೂಗು ಹಿಡಿದುಕೊಂಡು ಗಟಗಟ ಕುಡಿದ. ಮೂರನೇ ದಿನ ಬಸ್ಸು ನಿಲ್ಲಿಸಿ ವಾಂತಿ ಮಾಡಿದನಂತೆ.

"ಹೆದರ್ಬೇಡಿ," ಅಂದಳು ಚಂಚಲಾಕ್ಷಿ. "ಒಳಗಿದ್ದ ವಿಷ ಹೊರಗೆ ಬರ್ತಾ ಉಂಟು. ಹಾಗೇ ಆಗುದಂತೆ. ನಾಳೆಯಿಂದ ಒಂದೂವರೆ ಲೋಟ ಕುಡೀರಿ."

ವಿಷ ಒಳಗೆ ಹೋಗ್ತಾ ಉಂಟು ಮಾರಾಯ್ತಿ! ಚೆಂಬಿನ ಮಾತು ಯಾರಿಗೆ ಕೇಳುತ್ತದೆ?

ಅಷ್ಟಕ್ಕೇ ನಿಲ್ಲಲಿಲ್ಲ. ಅವಳ ಮಹಿಳಾ ಸಂಘದಲ್ಲಿ ನಲವತ್ತು ಮನೆ. ಸಂಘದ ಮೊಬೈಲ್ ಗುಂಪಿಗೆ ತನ್ನ ದನಿಯಲ್ಲೇ ಮದ್ದು ಹೇಳಿ ಕಳಿಸಿದಳು. ವಾರದೊಳಗೆ ನಮ್ಮ ಮರ ಬೋಳು. ಯಾರೂ ಮೂಸಿ ನೋಡದ ಕಾಯಿಗೆ ಜನ ಬುಟ್ಟಿ ಹಿಡಿದು ಬಂದರು, ಎಲ್ಲರ ಅಟ್ಟದಿಂದಲೂ ತಾಮ್ರ ಇಳಿಯಿತು.

ಹನ್ನೊಂದನೇ ದಿನ ಪುರಂದರನಿಗೆ ಮೂತ್ರವೇ ನಿಂತಿತು. ಮುಖ ಊದಿಕೊಂಡಿತು. ಮಂಗಳೂರಿನ ಆಸ್ಪತ್ರೆಯ ಡಾಕ್ಟರಮ್ಮ ಏನು ಕುಡಿದಿರಿ, ಯಾವುದರಲ್ಲಿ ಕುಡಿದಿರಿ ಎಂದು ಕೇಳಿ ನನ್ನನ್ನು ತರಿಸಿ ನೋಡಿದರು. "ಇಷ್ಟು ಹುಳಿ ರಸ ಒಂದೇ ಸಾಕು ಕಿಡ್ನಿ ಹಾಳಾಗ್ಲಿಕ್ಕೆ. ಅದರ ಮೇಲೆ ಕಲಾಯಿ ಇಲ್ಲದ ತಾಮ್ರ ಬೇರೆ. ಇನ್ನೆರಡು ದಿನ ತಡ ಮಾಡಿದ್ರೆ ನಮ್ಮ ಕೈಯಲ್ಲಿ ಏನೂ ಇರ್ಲಿಲ್ಲ."

ಮೂರು ವಾರದ ಮೇಲೆ ಪುರಂದರ ಮನೆಗೆ ಬಂದ, ಜೊತೆಗೆ ನಾನೂ. ಕೇಳಿದವರಿಗೆಲ್ಲ ಚಂಚಲಾಕ್ಷಿ ಒಂದೇ ಮಾತು ಹೇಳಿದಳು: ಕಾಮಾಲೆ. ನಿಜ ಹೇಳಲು ಅವಳಿಗೆ ನಾಚಿಕೆ. ನನಗೋ ಕೂರಲಾಗದು, ನಿಲ್ಲಲಾಗದು. ಹೇಳೇ, ಹೇಳಿಬಿಡೇ!

ಮರುದಿನ ಪಕ್ಕದ ಮನೆಯ ಲೀಲಾವತಿ ಬಂದಳು. "ಚಂಚಲಕ್ಕ, ನಮ್ಮವರು ಹೋದ ವಾರವಷ್ಟೇ ಕುಡೀಲಿಕ್ಕೆ ಶುರು ಮಾಡಿದ್ದು, ಎರಡು ದಿನದಿಂದ ವಾಂತಿ. ನೀವು ಹೇಳಿದ ಹಾಗೇ ವಿಷ ಹೊರಗೆ ಹೋಗ್ತಾ ಉಂಟಲ್ವಾ? ಹೆದರ್ಲಿಕ್ಕೆ ಇಲ್ಲ ಅಲ್ವಾ?"

ಚಂಚಲಾಕ್ಷಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಹ್ಞಾಂ..." ಅಂದಳು. ಲೀಲಾವತಿ ಸಮಾಧಾನದಿಂದ ಹೊರಟಳು.

ಒಳಗಿನಿಂದ ಪುರಂದರನ ಸೋತ ದನಿ ಬಂತು. "ಮೊದಲ ದಿನವೇ ನನಗೆ ಸರಿ ಕಾಣ್ಲಿಲ್ಲ. ನೀನು ಅಷ್ಟು ಹೆದರಿದ್ದೆ, ಬೇಡ ಅನ್ಲಿಕ್ಕೆ ಮನಸ್ಸು ಬರ್ಲಿಲ್ಲ. ಆ ಲೀಲಾವತಿಯ ಗಂಡನೂ ಹಾಗೇ ಕುಡೀತಾ ಇರ್ಬಹುದು."

ಚಂಚಲಾಕ್ಷಿ ಗೊಳೋ ಎಂದು ಅತ್ತಳು. ಅಳುತ್ತಲೇ ಮೊಬೈಲ್ ಎತ್ತಿಕೊಂಡಳು. "ಅಕ್ಕಂದಿರೇ, ನಾನು ಚಂಚಲಾಕ್ಷಿ. ಇವರಿಗೆ ಆದದ್ದು ಕಾಮಾಲೆ ಅಲ್ಲ. ಆ ರಸ ಕುಡಿದು ಕಿಡ್ನಿ ಹೋಗಿತ್ತು. ಕುಡಿಸಿದ್ದು ನಾನೇ, ನನ್ನ ಕೈಯಾರೆ. ಚೆಲ್ಲಿ, ಈಗಲೇ ಚೆಲ್ಲಿ. ವಾಂತಿ ಆಗ್ತಾ ಇದ್ರೆ ಆಸ್ಪತ್ರೆಗೆ ಹೋಗಿ." ಚಪ್ಪಲಿಯನ್ನೂ ಹಾಕದೆ ಲೀಲಾವತಿಯ ಹಿಂದೆ ಓಡಿದಳು.

ಅದು ನಿನ್ನೆಯ ಮಾತು. ಲೀಲಾವತಿಯ ಗಂಡ ಆಸ್ಪತ್ರೆಯಲ್ಲಿದ್ದಾನೆ, ಉಳಿಯುತ್ತಾನಂತೆ. ನನ್ನನ್ನು ಬಚ್ಚಲಿನ ಮೂಲೆಗೆ ಎಸೆದಿದ್ದಾರೆ. ವಯಸ್ಸಾಯಿತು, ಇನ್ನು ಯಾರೂ ಮುಟ್ಟುವುದು ಬೇಡ. ಆದರೂ ಜೀವಕ್ಕೆ ನೆಮ್ಮದಿಯಿಲ್ಲ. ನಲವತ್ತರಲ್ಲಿ ಮೂವತ್ತೆಂಟು ಮನೆಯವರು ಅವಳ ಮಾತು ಕೇಳಿ ರಸ ಚೆಲ್ಲಿದ್ದಾರೆ. ಉಳಿದೆರಡು ಮನೆಯವರು ಫೋನೂ ಎತ್ತುತ್ತಿಲ್ಲ. ಬೆಳಿಗ್ಗೆಯೇ ಚಂಚಲಾಕ್ಷಿ ಆ ಮನೆಗಳ ಕಡೆ ನಡೆದುಕೊಂಡು ಹೋಗಿದ್ದಾಳೆ. ಇನ್ನೂ ಬಂದಿಲ್ಲ.