ಅರ್ಧ ಸುತ್ತಿನ ತಿರುಪು

ಮಾಗಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ತೊಂಬತ್ಮೂರನೇ ಇಸವಿಯ ಜನವರಿ, ಬೆಳಗಿನ ಒಂಬತ್ತು ಗಂಟೆಯ ಹೊತ್ತು. ಶಿವಮೊಗ್ಗದ ಗಾಂಧಿ ಬಜಾರಿನ ಪಕ್ಕದ ಗಲ್ಲಿಯಲ್ಲಿ ಮೂರ್ತಪ್ಪ ತನ್ನ ಕ್ಯಾಸೆಟ್ ಅಂಗಡಿಯ ಬಾಗಿಲು ಹಲಗೆಗಳನ್ನು ಒಂದೊಂದಾಗಿ ತೆಗೆದು ಗೋಡೆಗೆ ಒರಗಿಸುತ್ತಿದ್ದ. ಆಗಲೇ ಒಬ್ಬ ಬಂದು ನಿಂತ. ಕಣ್ಣು ಕೆಂಪಗಿತ್ತು, ಅಂಗಿಯಿಂದ ಬೆಂದ ಬಿದಿರಿನ ವಾಸನೆ ಬರುತ್ತಿತ್ತು. ಆ ವಾಸನೆ ಹಿಡಿದೇ ಇವನು ಭದ್ರಾವತಿಯ ಕಾಗದದ ಮಿಲ್ಲಿನವನು, ರಾತ್ರಿ ಪಾಳಿ ಮುಗಿಸಿ ನೆಟ್ಟಗೆ ಬಸ್ಸು ಹತ್ತಿದ್ದಾನೆ ಎಂದು ಮೂರ್ತಪ್ಪ ತಿಳಿದುಕೊಂಡ.

"ಇಂಗ್ಲಿಷ್ ಗಿಟಾರು ಇದೆಯಾ ಅಣ್ಣ? ಬರೀ ಗಿಟಾರು ಜಾಸ್ತಿ ಇರೋದು."

ಅವನ ಹೆಸರು ಭೀಮೇಶ್. ಕಾಗದನಗರದ ಕ್ವಾರ್ಟರ್ಸಿನಲ್ಲಿ ಮನೆ. ದೊಡ್ಡ ರೀಲಿನ ಕಾಗದವನ್ನು ಸಣ್ಣ ರೀಲಿಗೆ ಸುತ್ತುವ ಯಂತ್ರದ ಮೇಲೆ ಗುತ್ತಿಗೆ ಕೆಲಸ. ಯಾರೋ ಬಿಟ್ಟುಹೋದ ಹಳೇ ಗಿಟಾರೊಂದು ಕೈಗೆ ಸಿಕ್ಕಿ ಎರಡು ವರ್ಷವಾಗಿತ್ತಂತೆ.

ಮೂರ್ತಪ್ಪನ ಹತ್ತಿರ ಅಂಥದ್ದು ಒಂದೇ ಒಂದಿತ್ತು. ಕಾಫಿ ಎಸ್ಟೇಟಿನ ಹುಡುಗನೊಬ್ಬ ಇನ್ನೊಂದು ಪ್ರತಿ ಮಾಡಿಕೊಡಿ ಎಂದು ಕೊಟ್ಟವನು ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಉದ್ದ ಕೂದಲಿನ, ಕಣ್ಣು ಮುಚ್ಚಿ ಗಿಟಾರು ಹಿಡಿದ ಮನುಷ್ಯನ ಚಿತ್ರ. ಲೋಕದಲ್ಲೇ ದೊಡ್ಡವನು ಅವನು ಎಂದು ಎಸ್ಟೇಟಿನ ಹುಡುಗ ಹೇಳಿದ್ದ. ಅದರ ಪ್ರತಿ ಮಾಡಿಕೊಡುತ್ತೇನೆ, ಮಧ್ಯಾಹ್ನ ಬಾ ಎಂದ ಮೂರ್ತಪ್ಪ.

ಆ ಮೂಲ ಕ್ಯಾಸೆಟ್ಟು ಅರವತ್ತಾರು ನಿಮಿಷದ್ದು. ಖಾಲಿ ಕ್ಯಾಸೆಟ್ಟು ಅರವತ್ತರದ್ದು. ಇದಕ್ಕೆ ಮೂರ್ತಪ್ಪನ ಹತ್ತಿರ ಒಂದು ಉಪಾಯವಿತ್ತು. ಮೂಲವನ್ನು ಹಾಡಿಸುವ ಡೆಕ್ಕಿನ ಬೆನ್ನಲ್ಲಿ, ಮೋಟಾರಿನ ಸಣ್ಣ ತೂತಿನೊಳಗೆ, ಒಂದು ತಿರುಪಿದೆ. ಅದನ್ನು ಅರ್ಧ ಸುತ್ತು ತಿರುಗಿಸಿದರೆ ಟೇಪು ಬೇಗ ಓಡುತ್ತದೆ. ಅರವತ್ತಾರು ನಿಮಿಷದ್ದು ಅರವತ್ತಕ್ಕೇ ಮುಗಿಯುತ್ತದೆ. ಕೊನೆಯ ಹಾಡು ನಡುವಿನಲ್ಲಿ ಕತ್ತರಿಸಿಹೋಗುವುದಿಲ್ಲ, ಗಿರಾಕಿ ಬಂದು ಜಗಳ ತೆಗೆಯುವುದಿಲ್ಲ. ಕನ್ನಡದ ಹಾಡಿಗೆ ಮಾತ್ರ ಅವನು ಆ ತಿರುಪು ಮುಟ್ಟುತ್ತಿರಲಿಲ್ಲ. ಆ ಗಂಟಲುಗಳು ಊರಿಗೆಲ್ಲ ಗೊತ್ತು, ಒಂದು ಎಳೆ ಏರಿದರೂ ಹಾದಿಯಲ್ಲಿ ಹೋಗುವವರು ನಿಂತು ಕೇಳುತ್ತಾರೆ. ಹೊರದೇಶದವರ ಗಂಟಲು ಯಾರಿಗೆ ಗೊತ್ತು? ಮೇಲಾಗಿ ಅವು ಹಾಗೆ ಚುರುಕಾಗಿಯೇ ಜನರಿಗೆ ಹಿಡಿಸಿದ್ದವು. 'ಮೂರ್ತಪ್ಪನ ರೆಕಾರ್ಡಿಂಗು ಅಂದ್ರೆ ಎಷ್ಟು ಜೀವ ನೋಡು' ಎನ್ನುತ್ತಿದ್ದರು. ಕಾಲೇಜಿನವರು ಸಾಗರದಿಂದ, ತೀರ್ಥಹಳ್ಳಿಯಿಂದ ಹುಡುಕಿಕೊಂಡು ಬರುತ್ತಿದ್ದರು. ಅವನ ಹೆಸರು ನಿಂತಿದ್ದುದೇ ಆ ಅರ್ಧ ಸುತ್ತಿನ ಮೇಲೆ.

ಮೂರ್ತಪ್ಪ ಓದಿದ್ದು ಮೂರನೇ ಕ್ಲಾಸು. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆದರೂ ಪ್ರತಿಯ ಚೀಟಿಯ ಮೇಲೆ ಮೂಲದ ಅಕ್ಷರಗಳನ್ನು ನೋಡಿ ನೋಡಿ, ರಂಗೋಲಿ ಎಳೆ ಎಳೆದಂತೆ ಮುದ್ದಾಗಿ ಇಳಿಸುತ್ತಿದ್ದ. ಭೀಮೇಶನ ಕ್ಯಾಸೆಟ್ಟಿಗೂ ಹಾಗೇ ಬರೆದುಕೊಟ್ಟ.

ಅಲ್ಲಿಂದ ಭೀಮೇಶ್ ತಿಂಗಳಿಗೆ ಎರಡು ಸಲವಾದರೂ ಬರತೊಡಗಿದ. ಕ್ಯಾಸೆಟ್ಟಿಗಲ್ಲ, ಮೂರ್ತಪ್ಪ ಅಂಗಡಿಯಲ್ಲಿ ಮಾರುತ್ತಿದ್ದ ಗಿಟಾರಿನ ತಂತಿಗೆ.

"ಮತ್ತೆ ಹರಿದುಹೋಯ್ತು ಮೂರ್ತಣ್ಣ. ಆ ಕ್ಯಾಸೆಟ್ಟಿನ ಶ್ರುತಿಗೆ ಬಿಗಿದರೆ ತಾಳೋದೇ ಇಲ್ಲ. ಅವರದ್ದು ಯಾವ ಉಕ್ಕೋ ಏನೋ."

ಅಂಗಡಿಯ ಅರ್ಧದಲ್ಲಿ ಗಡಿಯಾರ ರಿಪೇರಿಗೆ ಕೂತಿದ್ದ ಶಿವಯೋಗಪ್ಪನಿಗೆ ಮಾತಿಲ್ಲದೆ ಇರಲಾಗುತ್ತಿರಲಿಲ್ಲ. ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗಾಜು ತೆಗೆಯದೆಯೇ, "ಭದ್ರಾವತಿಯೋನು ಉಕ್ಕಿಲ್ಲ ಅಂತಾನಲ್ಲಪ್ಪ! ನಿಮ್ಮೂರ ಕಾರ್ಖಾನೆಯೋರು ಕೇಳಿಸ್ಕೊಂಡಾರು" ಎಂದ.

ಭೀಮೇಶ್ ನಕ್ಕ. ಆಮೇಲೆ ಮೂರ್ತಪ್ಪನ ಕಡೆ ತಿರುಗಿ, "ಅಲ್ಲ, ಇದು ಮಾಮೂಲಿಗಿಂತ ಎತ್ತರದಲ್ಲಿದೆ ಅನ್ಸುತ್ತೆ ನಂಗೆ. ಕ್ಯಾಸೆಟ್ಟಲ್ಲಿ ಏನಾದ್ರೂ…?" ಎಂದ.

ಆಗ ಹೇಳಬಹುದಿತ್ತು. ಆದರೆ ಪಕ್ಕದಲ್ಲಿ ಶಿವಯೋಗಪ್ಪನಿದ್ದ, ಕಟ್ಟೆಯ ಮೇಲೆ ಇಬ್ಬರು ಗಿರಾಕಿಗಳು ಕೂತಿದ್ದರು. ಮೂರ್ತಪ್ಪ ತಂತಿಯ ಸುರುಳಿಯನ್ನು ಕಾಗದದಲ್ಲಿ ಸುತ್ತುತ್ತಾ, "ಅವರ ಶ್ರುತಿನೇ ಹಂಗೆ" ಎಂದುಬಿಟ್ಟ. ತಲೆ ಎತ್ತಲಿಲ್ಲ.

"ಹೌದಾ," ಎಂದ ಭೀಮೇಶ್. ಹಾಡಿನ ವಿಷಯದಲ್ಲಿ ಮೂರ್ತಪ್ಪನ ಮಾತೇ ಅವನಿಗೆ ಕೊನೆಯ ಮಾತು.

ಶಿವಯೋಗಪ್ಪನಿಗೂ ಭೀಮೇಶನಿಗೂ ಬಿದ್ದರೆ ಅದೊಂದೇ ವಾದ. ಶಿವಯೋಗಪ್ಪನ ಪ್ರಕಾರ ಆ ಹೊರದೇಶದ ದೊಡ್ಡ ಗಿಟಾರಿನವರದ್ದೆಲ್ಲ ಪತ್ರಿಕೆಯವರು ಊದಿ ಉಬ್ಬಿಸಿದ ಹೆಸರು. "ಕೂದಲು ಬಿಟ್ಟು, ಅಂಗಿ ಬಿಚ್ಚಿ, ಹತ್ತಾಳುದ್ದ ಸ್ಪೀಕರ್ ಇಟ್ಕೊಂಡು ಗೀರಿದ್ರೆ ನಾನೂ ದೊಡ್ಡೋನೇ ಮಾರಾಯ. ನಮ್ಮ ವೀಣೆಯೋರು ಕೂತಲ್ಲೇ ಕೂತು ಬಾರಿಸ್ತಾರೆ, ಯಾರು ಪೋಸ್ಟರ್ ಹಚ್ತಾರೆ ಅವರದ್ದು?"

"ಸ್ಪೀಕರ್ ಬೆರಳು ಓಡಿಸಲ್ಲ ಶಿವಯೋಗಣ್ಣ," ಎನ್ನುತ್ತಿದ್ದ ಭೀಮೇಶ್. "ಆ ವೇಗ ಕೇಳಿ ಒಂದ್ಸಲ. ಮನುಷ್ಯಮಾತ್ರದೋರಿಗೆ ಸಾಧ್ಯ ಇಲ್ಲ. ಆ ಹೆಸರು ಯಾರೂ ಕೊಟ್ಟಿದ್ದಲ್ಲ, ಅವನು ದುಡಿದಿದ್ದು."

ಆ ವಾದ ಎದ್ದಾಗಲೆಲ್ಲ ಮೂರ್ತಪ್ಪ ಯಾವುದೋ ಕ್ಯಾಸೆಟ್ಟಿನ ಧೂಳು ಒರೆಸುತ್ತಿದ್ದ. ಭೀಮೇಶ್ ಕೈಮುಗಿಯುತ್ತಿದ್ದ ವೇಗದಲ್ಲಿ ಒಂದು ಪಾಲು ತನ್ನ ಸ್ಕ್ರೂಡ್ರೈವರಿನದು ಎಂದು ಅವನೊಬ್ಬನಿಗೇ ಗೊತ್ತಿತ್ತು.

ತೊಂಬತ್ತಾರರ ಅಕ್ಟೋಬರಿನಲ್ಲಿ ರುದ್ರೇಶ್ ಅಂಗಡಿಗೆ ಬಂದ. ಜಿಲ್ಲೆಯಲ್ಲೆಲ್ಲ ಓಡಾಡುವ ಆರ್ಕೆಸ್ಟ್ರಾ ಅವನದ್ದು. ಗಿಟಾರಿನವನು ಕೈಕೊಟ್ಟಿದ್ದ, ರಾಜ್ಯೋತ್ಸವಕ್ಕೆ ಸಾಲುಸಾಲು ಕಾರ್ಯಕ್ರಮ ಒಪ್ಪಿಕೊಂಡಾಗಿತ್ತು. ಆ ಹೊತ್ತಿಗೆ ಭೀಮೇಶ್ ಕಟ್ಟೆಯ ಮೇಲೆ ಕೂತು ಹೊಸ ತಂತಿ ಹಾಕಿ, ಸುಮ್ಮನೆ ಬೆರಳಾಡಿಸುತ್ತಿದ್ದ. ರುದ್ರೇಶ್ ಬಂದ ಕೆಲಸ ಮರೆತು ನಿಂತ. ಒಂದು, ಎರಡು, ಮೂರು ಹಾಡಿನಷ್ಟು ಹೊತ್ತು ನಿಂತೇ ಇದ್ದ.

"ಎಲ್ಲಿದ್ದೆ ಮಾರಾಯ ನೀನು ಇಷ್ಟು ದಿನ? ಬುಧವಾರದಿಂದ ರಿಹರ್ಸಲ್‌ಗೆ ಬಾ. ಮಿಲ್ಲಿನ ಪಾಳಿ ನೋಡ್ಕೊಂಡೇ ಪ್ರೋಗ್ರಾಂ ಹಾಕೋಣ. ಮುಂದಿನ ಸಾಲಲ್ಲಿ ಕುರ್ಚಿ ನಿಂದು."

ಭೀಮೇಶನ ಮುಖ ಅರಳಿತು, ಮರುಕ್ಷಣವೇ ಇಳಿಯಿತು. "ಇಲ್ಲ ಸಾರ್. ಇನ್ನೂ ಬಂದಿಲ್ಲ ನಂಗೆ. ಮೂರ್ತಣ್ಣ, ಆ ಕ್ಯಾಸೆಟ್ ಹಾಕಿ, ತೋರಿಸ್ತೀನಿ." ತನ್ನ ಚೀಲದಿಂದ ಅದೇ ಪ್ರತಿಯನ್ನು ತೆಗೆದು ಕೊಟ್ಟ. ಮೂರ್ತಪ್ಪ ಹಾಕಿದ. ಭೀಮೇಶ್ ಅದರ ಜೊತೆಜೊತೆಗೇ ಬಾರಿಸಿದ. ಮೊದಲ ಸುತ್ತು ಸಮಕ್ಕೆ ಹೋಯಿತು, ಎರಡನೆಯದರಲ್ಲಿ ಬೆರಳು ಒಂದು ಕೂದಲೆಳೆ ಹಿಂದೆ ಬಿತ್ತು, ಮೂರನೆಯದರಲ್ಲಿ ಬಿಟ್ಟೇಹೋಯಿತು. ಹಣೆಯ ಬೆವರು ಒರೆಸಿಕೊಂಡು ಹೇಳಿದ: "ನೋಡಿದ್ರಲ್ಲ. ಇವನ ಸಮ ಬರದೆ ಯಾವ ಮುಖ ಇಟ್ಕೊಂಡು ಸ್ಟೇಜ್ ಹತ್ತಲಿ? ಇನ್ನೊಂದು ವರ್ಷ ಕೊಡಿ."

"ಅವನು ಮನುಷ್ಯ ಅಲ್ಲ ಕಣೋ, ದೆವ್ವ. ಅವನ ಜೊತೆ ಯಾಕೆ ಹೋಲಿಸ್ಕೋತೀಯ?" ಎಂದ ರುದ್ರೇಶ್. ಕೊನೆಗೆ ಮೂರ್ತಪ್ಪನ ಕಡೆ ನೋಡಿ, "ನೀವಾದ್ರೂ ಹೇಳಿ ಉಸ್ತಾದ್. ನಿಮ್ಮ ಮಾತು ಕೇಳ್ತಾನೆ" ಎಂದ.

ಮೂರ್ತಪ್ಪ ಬಾಯಿ ತೆರೆದ. "ಅವನಿಷ್ಟ" ಎಂದು ಹೇಳಿ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಲು ಗುಂಡಿ ಒತ್ತಿದ.

ರುದ್ರೇಶ್ ಆ ವಾರವೇ ಬೇರೆ ಯಾರನ್ನೋ ಗೊತ್ತು ಮಾಡಿಕೊಂಡ.

ಆಮೇಲಿನ ವರ್ಷ ಭೀಮೇಶ್ ಬರುವುದು ಕಡಿಮೆಯಾಯಿತು. ತೊಂಬತ್ತೆಂಟರ ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಹೆಂಡತಿ ಮೈತ್ರಿ ತಂತಿ ಕೊಳ್ಳಲು ಬಂದಳು. ಕಾಗದನಗರದಲ್ಲಿ ಮಕ್ಕಳಿಗೆ ಮನೆಪಾಠ ಹೇಳುತ್ತಿದ್ದ ಹೆಂಗಸು, ಮಾತು ಕಡಿಮೆ.

"ಅವರ ಎಡಗೈ ಉಂಗುರದ ಬೆರಳು ಮಡಚಿದ್ದು ಬಿಚ್ಕೊಳ್ತಿಲ್ಲ," ಎಂದಳು. "ಡಾಕ್ಟ್ರು ಸೂಜಿ ಹಾಕಿದ್ರು. ಆರು ತಿಂಗಳು ಗಿಟಾರು ಮುಟ್ಟಬೇಡಿ ಅಂದ್ರು. ಕೇಳಲ್ಲ. ಬೆಳಗಾಗೆದ್ದು ಬಿಸಿನೀರಲ್ಲಿ ಕೈ ಅದ್ದಿ ಕೂರ್ತಾರೆ, ಬೆರಳು ಸಡಿಲ ಆಗ್ತಿದ್ದಂಗೆ ಶುರು. ತಂತಿ ಅಷ್ಟು ಬಿಗೀಬೇಡಿ ಅಂದ್ರೆ, ಮೂರ್ತಣ್ಣ ಹೇಳಿದಾರೆ ಶ್ರುತಿನೇ ಹಂಗೆ ಅಂತಾರೆ. ಹೌದೇನಣ್ಣ?"

ಮೂರ್ತಪ್ಪ ತಂತಿಯ ಡಬ್ಬಿಯ ಕಡೆ ತಿರುಗಿದ. "ತೆಳು ತಂತಿ ಕೊಡ್ತೀನಮ್ಮ, ಕೈಗೆ ಹಗುರ" ಎಂದ. ಹಣ ಬೇಡವೆಂದ. ಅವಳು ಕೇಳದೆ ಇಟ್ಟು ಹೋದಳು. ಆ ಸಂಜೆ ಅವನು ಡೆಕ್ಕಿನ ತಿರುಪನ್ನು ಹಿಂದಕ್ಕೆ ತಿರುಗಿಸಿ, ತೂತಿನ ಮೇಲೆ ಮೇಣ ತುಂಬಿದ. ಇನ್ನು ಮುಂದಿನವರಿಗೆ ಸರಿಹೋಯಿತು. ಹಿಂದಿನವನಿಗೆ ಹೇಳಬೇಕಾದ್ದು ಹಾಗೇ ಉಳಿಯಿತು. ಬಜಾರಿನಲ್ಲಿ ಅವನನ್ನು ತಾಳ್ಮೆಯ ಮನುಷ್ಯ ಎನ್ನುತ್ತಿದ್ದರು. ಅದು ತಾಳ್ಮೆಯಲ್ಲ, ಅಂಜಿಕೆ ಎಂಬುದು ಅವನಿಗೆ ಆವತ್ತೇ ಗೊತ್ತಾಗಿತ್ತು.

ಎರಡು ಸಾವಿರದ ಒಂದನೇ ಇಸವಿಯ ಮೇ ತಿಂಗಳಲ್ಲಿ, ಸುಡುಬಿಸಿಲಿನ ಒಂದು ಮಧ್ಯಾಹ್ನ, ಭೀಮೇಶ್ ಗಿಟಾರನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬಂದ. ಮೈತ್ರಿಗೆ ಹೊಸದುರ್ಗದ ಕಡೆ ಶಾಲೆಯಲ್ಲಿ ಕೆಲಸ ಸಿಕ್ಕಿದೆ, ತನ್ನ ಗುತ್ತಿಗೆಯೂ ಮುಗಿದಿದೆ, ಹೊರಡುತ್ತಿದ್ದೇವೆ ಎಂದ.

"ಯಾರಾದ್ರೂ ಕಲಿಯೋರಿದ್ರೆ ಕೊಡಿ ಮೂರ್ತಣ್ಣ. ನನ್ನಂಥೋರಿಗೆ ಅದು ಆಗೋದಲ್ಲ ಅಂತ ಎಂಟು ವರ್ಷಕ್ಕೆ ಗೊತ್ತಾಯ್ತು."

ಉಂಗುರದ ಬೆರಳು ಕೊಕ್ಕೆಯ ಹಾಗೆ ಅರ್ಧ ಮಡಚಿಕೊಂಡೇ ಇತ್ತು.

ಶಿವಯೋಗಪ್ಪ ಗಡಿಯಾರದಿಂದ ಕಣ್ಣೆತ್ತಿದ. "ನಾನು ಅವತ್ತೇ ಹೇಳಿದ್ದೆ. ಆ ಬಿಳಿಯನ್ನ ನಂಬ್ಕೊಂಡು ಬೆರಳು ಕಳ್ಕೊಂಡೆ. ಏನು ಸಿಕ್ತು ಹೇಳು?"

"ಅವನ ತಪ್ಪೇನಿದೆ ಶಿವಯೋಗಣ್ಣ? ಅವನು ದೊಡ್ಡೋನು. ನಾನು ಆಗಲಿಲ್ಲ, ಅಷ್ಟೆ."

ಮೂರ್ತಪ್ಪನಿಗೆ ಇನ್ನು ಕೂರಲಾಗಲಿಲ್ಲ. ಎದ್ದು ನಿಂತ. ಶಿವಯೋಗಪ್ಪ ಕೇಳುತ್ತಿದ್ದಾನೆ, ನಾಳೆಗೆ ಬಜಾರಿಗೆಲ್ಲ ಗೊತ್ತಾಗುತ್ತದೆ ಎಂದು ತಿಳಿದೇ ಹೇಳಿದ. ತಿರುಪಿನ ವಿಷಯ, ಅರವತ್ತಾರು ನಿಮಿಷದ ವಿಷಯ, ಶ್ರುತಿನೇ ಹಂಗೆ ಎಂದ ಸುಳ್ಳು. ನಾಲ್ಕು ಮಾತಿನಲ್ಲಿ ಮುಗಿದುಹೋಯಿತು. ಇಷ್ಟು ವರ್ಷ ಹೊತ್ತದ್ದು ಇಷ್ಟೇ ಸಣ್ಣದಾಗಿತ್ತೇ ಎಂದು ಅವನಿಗೇ ಅನ್ನಿಸಿತು.

ಭೀಮೇಶ್ ನಕ್ಕ. "ಬಿಡಿ ಮೂರ್ತಣ್ಣ. ಹೊರಟೋನಿಗೆ ಸಮಾಧಾನ ಹೇಳೋಕೆ ಹಿಂಗೆಲ್ಲ ಹೇಳ್ಬೇಡಿ."

ಮೂರ್ತಪ್ಪ ಮೇಲಿನ ಕಪಾಟಿನಿಂದ ಎಸ್ಟೇಟಿನ ಹುಡುಗನ ಮೂಲ ಕ್ಯಾಸೆಟ್ಟನ್ನು ಇಳಿಸಿದ. ಎಂಟು ವರ್ಷ ಅದು ಭೀಮೇಶ್ ಕೂರುತ್ತಿದ್ದ ಕಟ್ಟೆಯಿಂದ ಕೈಯಳತೆಯಲ್ಲೇ ಇತ್ತು. ಹಾಕಿ, ಗುಂಡಿ ಒತ್ತಿದ.

ಅದೇ ಹಾಡು. ಆದರೆ ತಗ್ಗಿನಲ್ಲಿತ್ತು, ದನಿಯಲ್ಲಿ ತೂಕವಿತ್ತು. ಒಂದು ಸ್ವರಕ್ಕೂ ಇನ್ನೊಂದಕ್ಕೂ ನಡುವೆ ಉಸಿರಾಡುವಷ್ಟು ಜಾಗವಿತ್ತು. ಆ ಮನುಷ್ಯ ಓಡುತ್ತಿರಲಿಲ್ಲ. ಎಲ್ಲಿಗೋ ನಡೆದು ಹೋಗುತ್ತಾ ನಡುವೆ ನಿಂತು ಹಿಂದಿರುಗಿ ನೋಡಿದಂತೆ ಬಾರಿಸುತ್ತಿದ್ದ. ಶಿವಯೋಗಪ್ಪ ಭೂತಗಾಜನ್ನು ತೆಗೆದು ಮೇಜಿನ ಮೇಲಿಟ್ಟ.

"ವೋಲ್ಟೇಜ್ ಕಡಿಮೆ ಇದೆ," ಎಂದ ಭೀಮೇಶ್.

"ಇಲ್ಲ," ಎಂದು ಮೂರ್ತಪ್ಪ ತಲೆಯ ಮೇಲೆ ಜೋರಾಗಿ ತಿರುಗುತ್ತಿದ್ದ ಫ್ಯಾನು ತೋರಿಸಿದ.

ಭೀಮೇಶ್ ಗಲ್ಲಾ ಮೇಜಿನ ಅಂಚನ್ನು ಗಿಟಾರಿನ ಕತ್ತಿನಂತೆ ಹಿಡಿದುಕೊಂಡ. ಬೆರಳುಗಳು ತಾವಾಗಿಯೇ ಮರದ ಮೇಲೆ ನಡೆಯತೊಡಗಿದವು. ಮೊದಲ ಸುತ್ತು ಸಮಕ್ಕೆ ಹೋಯಿತು. ಎರಡನೆಯದೂ ಹೋಯಿತು. ಮೂರನೆಯದರಲ್ಲಿ, ಅವನು ಯಾವಾಗಲೂ ಬಿಟ್ಟುಕೊಡುತ್ತಿದ್ದ ಜಾಗದಲ್ಲಿ, ಮಡಚಿದ ಬೆರಳೊಂದು ಮಾತ್ರ ಮರಕ್ಕೆ ತಾಗಲಿಲ್ಲ. ಉಳಿದವು ಒಂದೂ ತಪ್ಪದೆ ಕೊನೆಮುಟ್ಟಿದವು.

"ಹಂಗಾದ್ರೆ ಆವತ್ತು, ರುದ್ರೇಶ್ ಕರೆದಾಗ… ನಾನು ಇವನ ಸಮಕ್ಕೇ ಬಾರಿಸ್ತಿದ್ನಾ?"

"ಹೌದು ಕಣಪ್ಪ."

ಭೀಮೇಶ್ ಬಹಳ ಹೊತ್ತು ಆ ಹೊದಿಕೆಯ ಚಿತ್ರವನ್ನೇ ನೋಡಿದ. "ಇವನು ಅವಸರನೇ ಮಾಡಲ್ಲ," ಎಂದ, ತನ್ನಷ್ಟಕ್ಕೆ. "ದೊಡ್ಡೋನು ಹೌದು ಶಿವಯೋಗಣ್ಣ. ನಾನು ಹೊಗಳ್ತಿದ್ದ ಕಾರಣಕ್ಕಲ್ಲ, ಅಷ್ಟೆ."

ಆಮೇಲೆ ಮೂರ್ತಪ್ಪನ ಕಡೆ ತಿರುಗಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಮ್ಮ ಮಿಷನ್ನಲ್ಲಿ ರೀಲಿನ ವೇಗ ಬದಲಾಯಿಸಿದ್ರೆ ಒಂದು ಚೀಟಿ ಬರೆದು ಅಂಟಿಸ್ತೀವಿ, ಮೂರ್ತಣ್ಣ. ಮುಂದಿನ ಪಾಳಿಯೋನಿಗೆ ಗೊತ್ತಾಗ್ಲಿ ಅಂತ. ನೀವು ಅಷ್ಟೊಂದು ಇಂಗ್ಲಿಷ್ ಅಕ್ಷರ ಕೂತು ಬರೆದಿರಲ್ಲ. ಕನ್ನಡದಲ್ಲಿ ಒಂದೇ ಒಂದು ಮಾತು ಬರೀಬಹುದಿತ್ತು."

ಗಿಟಾರನ್ನು ಮತ್ತೆ ಬೆಡ್‌ಶೀಟಿನಲ್ಲಿ ಸುತ್ತಿ ಎತ್ತಿಕೊಂಡು ಹೋದ. ಇಟ್ಟು ಹೋಗಲಿಲ್ಲ. ಅದೊಂದೇ ಮೂರ್ತಪ್ಪನಿಗೆ ಹಿಡಿದುಕೊಳ್ಳಲು ಸಿಕ್ಕಿದ್ದು.

ಮರುದಿನ ಮೂರ್ತಪ್ಪ ಮೂಲವನ್ನು ಸರಿಯಾದ ವೇಗದಲ್ಲಿ ಎರಡು ಕ್ಯಾಸೆಟ್ಟಿಗೆ ಇಳಿಸಿದ. ಚೀಟಿಯ ಮೇಲೆ ಇಂಗ್ಲಿಷ್ ಬರೆಯಲಿಲ್ಲ. 'ಇದು ಸರಿಯಾದ ವೇಗ' ಎಂದು ಕನ್ನಡದಲ್ಲಿ ಬರೆದ. ತೆಗೆದುಕೊಂಡು ಹೋಗಿ ಕೊಡಬೇಕು ಎಂದುಕೊಂಡ. ಇವತ್ತು ಗಿರಾಕಿ ಇದ್ದಾರೆ, ನಾಳೆ ಭದ್ರಾವತಿಯ ಸಂತೆ, ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ನಾಡಿದ್ದು ನೋಡೋಣ ಎನ್ನುತ್ತಾ ಎರಡು ವಾರ ಕಳೆದ. ಯಾವ ದಿನವೂ ಹೋಗಲಾರದಷ್ಟು ಕೆಲಸ ಇರಲಿಲ್ಲ. ಆ ಮುಖವನ್ನು ಇನ್ನೊಮ್ಮೆ ನೋಡಲು ಕಾಲು ಬರಲಿಲ್ಲ.

ಕೊನೆಗೆ ಒಂದು ಬುಧವಾರ ಬೆಳಿಗ್ಗೆ ಅಂಗಡಿ ತೆರೆಯದೆ ಬಸ್ಸು ಹತ್ತಿದ. ಕಾಗದನಗರದಲ್ಲಿ ಕೇಳುತ್ತಾ ಕೇಳುತ್ತಾ ಮನೆ ಹುಡುಕಿದ. ಬಾಗಿಲಿಗೆ ಬೀಗವಿತ್ತು. ಮೆಟ್ಟಿಲ ಮೇಲೆ, ಸುರುಳಿ ಸುತ್ತಿ ಎಸೆದ ಹಳೇ ತಂತಿಗಳ ಒಂದು ಗಂಟು ಬಿದ್ದಿತ್ತು. ಪಕ್ಕದ ಮನೆಯ ಚೌಡಮ್ಮ ಒಗೆದ ಬಟ್ಟೆ ಹರವುತ್ತಿದ್ದವಳು ಅವನ ಕೈಯಲ್ಲಿದ್ದ ಕ್ಯಾಸೆಟ್ಟುಗಳನ್ನು ನೋಡಿದಳು.

"ಗಿಟಾರಿನೋರನ್ನ ಹುಡುಕ್ತಿದೀರೇನು? ಅಯ್ಯೋ, ನೀವು ಲೇಟು. ಭೀಮೇಶಣ್ಣ, ಮೈತ್ರಿ ಇಬ್ಬರೂ ಸಾಮಾನು ಲಾರಿಗೆ ಹಾಕ್ಕೊಂಡು ಹೊರಟುಹೋದ್ರಲ್ಲ, ಮೊನ್ನೆ ಸೋಮವಾರ."